ನೆಲದಜ್ಜ ಮತ್ತು ಏಳು ಸೀಸೆ

ಯೆನ್‌ಳ ತಕರಾರು ಇಷ್ಟೇ: ಅತ್ತೆಯ ಅಂಗಡಿಯ ಮೂಲೆಯಲ್ಲಿ ಕೂತ ದೇವರು ಅವಳ ಕೈಚೀಲವನ್ನೇ ನೋಡುತ್ತಾನೆ.

ಬೇರೆ ದೇವರಾಗಿದ್ದರೆ ಹೋಗಲಿ ಅನ್ನಬಹುದಿತ್ತು. ಎತ್ತರದ ಪೀಠದ ಮೇಲೆ, ಊದುಬತ್ತಿಯ ಹೊಗೆಯಲ್ಲಿ, ಅರೆಗಣ್ಣು ಮುಚ್ಚಿ ಕೂತ ದೇವರುಗಳು ಸೊಸೆಯಂದಿರ ಚೀಲದ ಗೊಡವೆಗೆ ಬರುವುದಿಲ್ಲ. ಆದರೆ ಈತ ನೆಲದಜ್ಜ. ನೆಲದ ಮೇಲೇ, ಬಾಗಿಲಿಗೆ ಮುಖ ಮಾಡಿ, ಕೆಂಪು ಮರದ ಪೆಟ್ಟಿಗೆಯೊಳಗೆ ಕೂತಿರುತ್ತಾನೆ. ಗೇಣುದ್ದದ ಮಣ್ಣಿನ ಮೈ, ಬರಿಹೊಟ್ಟೆ, ಕೈಯಲ್ಲೊಂದು ಬೀಸಣಿಗೆ, ಕಿವಿಯಿಂದ ಕಿವಿಗೆ ನಗು. (ಪಕ್ಕದಲ್ಲಿ ಬಿಳಿಗಡ್ಡದ ಧನದೇವರೂ ಇದ್ದಾನೆ. ಅವನ ಕಣ್ಣು ಗಲ್ಲಾಪೆಟ್ಟಿಗೆಯ ಮೇಲಷ್ಟೇ. ಅವನ ಸುದ್ದಿ ಈ ಕಥೆಗೆ ಬೇಡ.) ಅಂಗಡಿಗೆ ಬರುವವರ ಮುಖ ನೆಲದಜ್ಜನಿಗೆ ಕಾಣಿಸುವುದೇ ಇಲ್ಲ. ಕಾಣುವುದು ಮೊಣಕಾಲು, ಮತ್ತು ಮೊಣಕಾಲ ಪಕ್ಕದಲ್ಲಿ ತೂಗಾಡುವ ಚೀಲ. ಮೂವತ್ತು ವರ್ಷ ಚೀಲಗಳನ್ನೇ ನೋಡಿದವನಿಗೆ ಯಾರ ಚೀಲದಲ್ಲಿ ಏನಿದೆ ಅಂತ ಗೊತ್ತಾಗದೆ ಇರುತ್ತದೆಯೆ? ನೀವೇ ಹೇಳಿ.

ಆ ಚಳಿಗಾಲದಲ್ಲಿ ಯೆನ್‌ಳ ಚೀಲದಲ್ಲಿದ್ದದ್ದು ಕಳ್ಳಮಾಲು.

ಅಫೀಮಲ್ಲ, ಚಿನ್ನವಲ್ಲ. ರಸ್ತೆಯಾಚೆಯ ‘ಹಸ್ಕ್ ಅಂಡ್ ಹಾಲೋ’ ಎಂಬ ದುಬಾರಿ ಅಂಗಡಿಯಲ್ಲಿ ಕೊಂಡ ಮಕ್ಕಳ ಆಹಾರದ ಗಾಜಿನ ಸೀಸೆಗಳು. ಸಾವಯವ, ವಿಷಮುಕ್ತ, ಉಪ್ಪುಮುಕ್ತ, ಸಕ್ಕರೆಮುಕ್ತ. ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆ ಅನ್ನುತ್ತೀರೇನೋ. ಫುಟ್‌ಸ್ಕ್ರೇ ಎಂಬ ಪರದೇಶದ ಬಡಾವಣೆಯಲ್ಲಿ ಮೂವತ್ತು ವರ್ಷದಿಂದ ತರಕಾರಿ ದಿನಸಿ ಮಾರುತ್ತಿರುವ ಲುವಾಳ ಸೊಸೆ, ಅದೇ ಅಂಗಡಿಯ ಮೇಲಿನ ಮನೆಯಲ್ಲಿ ಇರುವವಳು, ರಸ್ತೆ ದಾಟಿ ನಾಲ್ಕು ಪಟ್ಟು ಬೆಲೆಗೆ ಬಟಾಣಿ ಗೊಜ್ಜು ತರುವುದೆಂದರೆ ಕುಂಬಾರನ ಸೊಸೆ ಸಂತೆಯಿಂದ ಮಡಕೆ ಹೊತ್ತು ತಂದ ಹಾಗೆ. ಹಾಗಾಗಿ ಅವಳು ಸೀಸೆಗಳನ್ನು ಅತ್ತೆಯ ಅಂಗಡಿಯದೇ ಕೆಂಪು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮೇಲೆ ಒಂದು ಕಟ್ಟು ಕೊತ್ತಂಬರಿ ಇಟ್ಟು, ಬಹಳ ಸಾಧ್ವಿಯಂತೆ ಒಳಗೆ ಬರುತ್ತಿದ್ದಳು. ಅತ್ತೆ ತಕ್ಕಡಿಯಿಂದ ತಲೆ ಎತ್ತುತ್ತಿರಲಿಲ್ಲ. ನೆಲದಜ್ಜ ಮಾತ್ರ ಚೀಲ ನೋಡಿ ನಗುತ್ತಿದ್ದ.

‘ಹಸ್ಕ್ ಅಂಡ್ ಹಾಲೋ’ ಬಂದು ಎರಡು ವರ್ಷವಾಗಿತ್ತು. ಮುಂಚೆ ಅಲ್ಲಿ ಟೈರಿನ ಗೋದಾಮು ಇತ್ತು. ಈಗ ಬಿಳಿ ಗೋಡೆ, ಬಿಳಿ ಬೆಳಕು, ಪಿಸುಮಾತು. ಲುವಾ ಅದಕ್ಕೆ ‘ಎದುರಿನ ಆಸ್ಪತ್ರೆ’ ಅಂತ ಹೆಸರಿಟ್ಟಿದ್ದಳು. “ಬೆಳ್ಳಗಿದೆ, ತಣ್ಣಗಿದೆ, ಒಳಗೆ ಹೋದವರು ಬಡವಾಗಿ ಹೊರಗೆ ಬರ್ತಾರೆ. ಆಸ್ಪತ್ರೆ ಅಲ್ದೆ ಇನ್ನೇನು?” ಅದರ ಗಾಜಿನ ಬಾಗಿಲಿಗೊಂದು ಚಾಳಿಯಿತ್ತು. ಯಾರೂ ಇಲ್ಲದಾಗಲೂ ತಾನಾಗಿ ತೆರೆದುಕೊಳ್ಳುವುದು. ಒಂದು ಕ್ಷಣ ಕಾಯುವುದು. ಯಾರನ್ನೋ ಒಳಗೆ ಬಿಟ್ಟುಕೊಂಡ ಹಾಗೆ ಮೆಲ್ಲಗೆ ಮುಚ್ಚಿಕೊಳ್ಳುವುದು. ಯೆನ್ ಮೇಲಿನ ಕಿಟಕಿಯಿಂದ ಇದನ್ನು ನೋಡುತ್ತಿದ್ದಳು. ನೋಡಬಾರದು ಅಂದುಕೊಂಡೇ ನೋಡುತ್ತಿದ್ದಳು.

ಇಷ್ಟಕ್ಕೆಲ್ಲ ಕಾರಣ ಒಂಬತ್ತು ತಿಂಗಳ ಮಗಳು ಮಿತ್. ಅವರ ಭಾಷೆಯಲ್ಲಿ ಮಿತ್ ಎಂದರೆ ಹಲಸಿನಹಣ್ಣು. ಚೆಂದದ ಹೆಸರಿಟ್ಟರೆ ಕೆಟ್ಟ ಕಣ್ಣು ಬೀಳುತ್ತದೆ ಅಂತ ಅಜ್ಜಿ ಇಟ್ಟ, ಮನೆಯಲ್ಲಿ ಕರೆಯುವ ಹೆಸರು. ಆದರೆ ಹೆಸರಿನ ತೂಕ ಮೈಗೆ ಹತ್ತಲಿಲ್ಲ. ಎದೆಹಾಲು ಕುಡಿಯುತ್ತಿದ್ದಳು, ಚಮಚ ಕಂಡರೆ ಸಾಕು, ತುಟಿ ಬಿಗಿದು ಹೊಲಿಗೆ ಹಾಕಿದ ಹಾಗೆ ಕೂರುತ್ತಿದ್ದಳು. ಕ್ಲಿನಿಕ್ಕಿನ ದಾದಿ ಗ್ಲೆನಿಸ್ ಕೊಟ್ಟ ಪಟ್ಟಿಯಲ್ಲಿ ಮಿತ್‌ಳ ತೂಕದ ಗೆರೆ ಬೆಟ್ಟ ಇಳಿಯುವ ಹಾದಿಯಂತೆ ಜಾರುತ್ತಿತ್ತು. “ಈ ಶುಕ್ರವಾರ ಹನ್ನೊಂದಕ್ಕೆ ಮತ್ತೆ ತೂಗೋಣ ಕಣಮ್ಮ. ಆಗಲೂ ಇಳಿದಿದ್ರೆ ಆಸ್ಪತ್ರೆಗೆ ಬರೆದುಕೊಡ್ತೀನಿ,” ಎಂದಿದ್ದಳು ಗ್ಲೆನಿಸ್. (ಎದುರಿನದಲ್ಲ, ನಿಜವಾದ ಆಸ್ಪತ್ರೆ. ಮೂಗಿಗೆ ನಳಿಗೆ ಹಾಕುವಂಥದ್ದು.)

ಆ ನಳಿಗೆ ಅಂದಿನಿಂದ ಯೆನ್‌ಳ ಕಣ್ಣ ಮುಂದಿನಿಂದ ಕದಲಲಿಲ್ಲ. ಹೆರಿಗೆ ರಜೆಗೆ ಮುಂಚೆ ಅವಳು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿದ್ದವಳು. ಒಂದು ಲೋಟ ನೀರಿನಲ್ಲಿ ಏನೇನು ಅಡಗಿರಬಹುದು ಅನ್ನುವುದು ಗೊತ್ತಿದ್ದವಳಿಗೆ ಜಗತ್ತಿನಲ್ಲಿ ನೆಮ್ಮದಿಯೆಲ್ಲಿ? ಅಕ್ಕಿಯಲ್ಲಿ ಪಾಷಾಣ, ಮೀನಿನಲ್ಲಿ ಪಾದರಸ, ಮಸಾಲೆಯಲ್ಲಿ ಸೀಸ, ಅತ್ತೆಯ ಕೈಯಲ್ಲಿ ಎಲ್ಲವೂ. ಫ್ರಿಜ್ಜಿನ ಬಾಗಿಲಿಗೆ ಹದಿನಾಲ್ಕು ನಿಯಮಗಳ ಶಾಸನವನ್ನೇ ಅಂಟಿಸಿದ್ದಳು. ಅದರಲ್ಲಿ ಹನ್ನೊಂದನೆಯದು: ಮಗುವಿನ ಊಟಕ್ಕೆ ಯಾರೂ ಊದಕೂಡದು, ಯಾರೂ ರುಚಿ ನೋಡಕೂಡದು; ದೊಡ್ಡವರ ಬಾಯಿಯಲ್ಲಿ ಕೋಟ್ಯಂತರ ಕ್ರಿಮಿಗಳಿವೆ. ಲುವಾ ಅದನ್ನು ಓದಿ, ತನ್ನ ಬಾಯಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಿದ್ದಳು. ಮಾರನೆಯ ದಿನ ಹನ್ನೊಂದನೆಯ ನಿಯಮದ ಮೇಲೆ ಸೋಯಾ ಸಾಸ್ ಕಂಪನಿಯ ಅಯಸ್ಕಾಂತದ ಕಪ್ಪೆಯೊಂದು ಕೂತಿತ್ತು.

ಇನ್ನೊಂದು ಸಂಗತಿ. ದಿನವೂ ಬೆಳಗ್ಗೆ ಅಂಗಡಿ ತೆರೆಯುವಾಗ ಲುವಾ ನೆಲದಜ್ಜನ ಮುಂದೆ ಕುಕ್ಕರಗಾಲಲ್ಲಿ ಕೂತು ಏನೋ ಗೊಣಗುತ್ತಿದ್ದಳು. ಮಿತ್ ಪಕ್ಕದ ಗಾಡಿಯಲ್ಲಿ ಕೂತು ನೋಡುತ್ತಿದ್ದಳು. ಆ ಹೊತ್ತಿಗೆ ಯೆನ್ ಮೇಲೆ ಚಮಚಗಳನ್ನು ಕುದಿಸುತ್ತಿರುತ್ತಿದ್ದಳು. ಅವಳು ಕೆಳಗಿಳಿದು ಬರುವಾಗ ಅಜ್ಜನ ತಟ್ಟೆಯ ಬಾಳೆಹಣ್ಣಿನ ತುದಿಯಲ್ಲಿ ಒಂದು ಕಚ್ಚಿದ ಗುರುತು. ಲೋಟದ ಕರಿಕಾಫಿಯಲ್ಲಿ ಒಂದು ಗುಟುಕು ಖಾಲಿ. ಯೆನ್‌ಳದು ಸ್ಪ್ರಿಂಗ್‌ವೇಲ್ ಕಡೆಯ ಕ್ರೈಸ್ತ ಮನೆತನ. ಅಲ್ಲಿ ದೇವರು ಗೋಡೆಯ ಮೇಲಿದ್ದ, ಏನನ್ನೂ ಕಚ್ಚುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಗಂಡನನ್ನು ಕೇಳಿದ್ದಳು, “ಆ ಹಣ್ಣು ಯಾರು ಕಚ್ಚೋದು?”

“ಅಜ್ಜ,” ಎಂದಿದ್ದ ಲೋಕ್, ಮುಖದಲ್ಲಿ ಒಂದು ಗೆರೆ ಅಲುಗಿಸದೆ.

ಅವಳು ನಕ್ಕಿದ್ದಳು. ಆಮೇಲೆ ಆ ತಟ್ಟೆಯ ಕಡೆ ನೋಡುವುದನ್ನೇ ಬಿಟ್ಟಿದ್ದಳು.

ಬುಧವಾರ, ಸಂಜೆ ನಾಲ್ಕೂವರೆ. ಇಲ್ಲಿ ಜೂನ್ ಎಂದರೆ ನಡುಚಳಿಗಾಲ; ಬೆಳಕಿಗೆ ಆಗಲೇ ಮನೆಗೆ ಹೋಗುವ ಆತುರ. ಮಿತ್‌ಳನ್ನು ಎದೆಗೆ ಕಟ್ಟಿಕೊಂಡು ಯೆನ್ ಅಂಗಡಿಯಿಂದ ಹೊರಡುವಾಗ ಅತ್ತೆ ಯಾರಿಗೋ ಹಾಗಲಕಾಯಿ ತೂಗುತ್ತಿದ್ದಳು. ಯೆನ್ ಮೂಲೆಯವರೆಗೆ ನಡೆದು, ಸುತ್ತು ಹಾಕಿ (ಕಳ್ಳರಿಗೆ ನೇರ ದಾರಿ ಎಲ್ಲಿ), ‘ಹಸ್ಕ್ ಅಂಡ್ ಹಾಲೋ’ದ ಮುಂದೆ ನಿಂತಳು. ಮೂರು ಹೆಜ್ಜೆ ದೂರವಿರುವಾಗಲೇ ಬಾಗಿಲು ತೆರೆದುಕೊಂಡಿತು.

ಒಳಗೆ ಜನರಿದ್ದರು, ಸದ್ದಿರಲಿಲ್ಲ. ಸೊಪ್ಪಿನ ಸಾಲಿನಲ್ಲಿ ಒಂದೇ ಎತ್ತರದ, ಒಂದೇ ಹಸಿರಿನ ಕಟ್ಟುಗಳು ಶಾಲೆಯ ಫೋಟೋಕ್ಕೆ ನಿಂತಂತೆ ನಿಂತಿದ್ದವು. ಒಂದು ಎಲೆಯಲ್ಲಿ ತೂತಿಲ್ಲ, ಒಂದು ಹುಳುವಿಲ್ಲ. (ವಿಷವೇ ಹಾಕದೆ ಬೆಳೆದದ್ದಾದರೆ ಹುಳುಗಳೆಲ್ಲ ಎಲ್ಲಿಗೆ ಹೋದವು ಎಂಬ ಪ್ರಶ್ನೆ ಪ್ರಯೋಗಾಲಯದ ಯೆನ್‌ಗೆ ಬರಬೇಕಿತ್ತು. ತಾಯಿ ಯೆನ್ ಅವಳ ಬಾಯಿ ಮುಚ್ಚಿಸಿ ಕೂರಿಸಿದ್ದಳು.)

ಆಗ ಗುಡುಗಿತು.

ಸೂರಿನ ಕೆಳಗೆ, ಸಣ್ಣಗೆ, ಬಹಳ ದೂರದಲ್ಲೆಂಬಂತೆ. ಸೊಪ್ಪಿಗೆ ನೀರಿನ ಮಂಜು ಬಿಡುವ ಮುಂಚೆ ಗಿರಾಕಿಗಳು ಕೈ ಹಿಂದೆಗೆದುಕೊಳ್ಳಲಿ ಅಂತ ಹಾಕುವ ಸದ್ದು ಅದು. ಯೆನ್‌ಗೆ ಗೊತ್ತಿತ್ತು. ಗೊತ್ತಿದ್ದರೂ ಬೆನ್ನಿನಲ್ಲೊಂದು ಇರುವೆ ಹರಿಯಿತು. ಮಂಜು ಇಳಿದು ಬಂತು. ಸೊಪ್ಪು ಮಸುಕಾಯಿತು, ಆಚೆಗಿದ್ದವರು ಮಸುಕಾದರು. ಎದೆಯ ಮೇಲಿನ ಮಿತ್ ಉಸಿರು ಬಿಗಿಹಿಡಿದ ಹಾಗಿತ್ತು.

“ಏನಾದ್ರೂ ಹುಡುಕ್ತಿದ್ದೀರಾ?”

ಯೆನ್ ಬೆಚ್ಚಿ ತಿರುಗಿದಳು. ಬೂದು ಏಪ್ರನ್ನಿನ ಹುಡುಗಿ. ಹೆಜ್ಜೆಯ ಸದ್ದೇ ಕೇಳಿರಲಿಲ್ಲ.

“ಹಸಿವು,” ಅಂದುಬಿಟ್ಟಳು ಯೆನ್.

ಹುಡುಗಿ ಕಣ್ಣು ಮಿಟುಕಿಸಲಿಲ್ಲ. “ಮೂರನೇ ಸಾಲು, ಎಡಗಡೆ,” ಎಂದಳು.

ಮೂರನೇ ಸಾಲಿನ ಎಡಗಡೆ ನಿಜಕ್ಕೂ ಸೀಸೆಗಳಿದ್ದವು. ಚೀಟಿಯ ಮೇಲೆ ‘ಹಸಿವು ಮರೆತ ಕಂದಮ್ಮಗಳಿಗೆ’ ಎಂದು ಬರೆದಿತ್ತು. ಬಟಾಣಿ, ಕೇಲ್ ಸೊಪ್ಪು, ಬೂತಾಯಿ ಮೀನು, ಒಣ ಪ್ಲಮ್. ನಾಲ್ಕೂ ಸೇರಿ ಕೆರೆಯ ತಳದ ಬಣ್ಣ. ವಾರಕ್ಕೆ ಏಳರಂತೆ ಏಳು ಸೀಸೆ ಎತ್ತಿಕೊಂಡಳು. ಜೊತೆಗೆ ಸಾವಯವದ ಗುರುತಾಗಿ ತುದಿಗೆ ಕೆಂಪು ಮೇಣ ಅದ್ದಿದ ಎರಡು ಬಾಳೆಹಣ್ಣು, ಉಗುರುಬಣ್ಣ ಹಚ್ಚಿದ ಬೆರಳುಗಳ ಹಾಗಿದ್ದವು.

ಸರದಿಯಲ್ಲಿ ನಿಂತಾಗ ಕಂಡಿತು. ಮಂಜಿನಾಚೆ, ಚೀಸ್ ಕಟ್ಟೆಯ ಬಳಿ, ನೇರಳೆ ಬಣ್ಣದ ಹತ್ತಿಜಾಕೀಟು. ಅತ್ತೆಯ ಜಾಕೀಟು, ಮೊಣಕೈಯಲ್ಲಿ ಹಸಿರು ದಾರದ ತೇಪೆ ಸಹ ಅದೇ. ಆದರೆ ಜಾಕೀಟಿನ ಮೇಲೆ ತಲೆ ಇರಲಿಲ್ಲ. ಅತ್ತೆ ಅಲ್ಲಿ ಹಾಗಲಕಾಯಿ ತೂಗುತ್ತಿದ್ದಾಳೆ, ಇಲ್ಲಿ ಅವಳ ಜಾಕೀಟು ತಲೆಯಿಲ್ಲದೆ ನಿಂತಿದೆ! ಯೆನ್ ಕಣ್ಣುಜ್ಜಿ ನೋಡುವಷ್ಟರಲ್ಲಿ ಅದೂ ಇರಲಿಲ್ಲ. ಗಾಜಿನ ಬಾಗಿಲು ಮಾತ್ರ ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು.

ಏದುಸಿರು ಬಿಡುತ್ತ ಅಂಗಡಿಗೆ ಬಂದರೆ ಅತ್ತೆ ತಕ್ಕಡಿಯ ಹಿಂದೆ, ಜಾಕೀಟಿನೊಳಗೆ, ತಲೆಸಮೇತ ಇದ್ದಳು. ಹಲ್ಲುಕಡ್ಡಿ ಕಚ್ಚಿಕೊಂಡಿದ್ದಳು.

“ಏನೇ ಹುಡುಗಿ, ದೆವ್ವ ಕಂಡವಳ ಹಾಗೆ ನಿಂತಿದ್ದೀಯ?”

“ಏನಿಲ್ಲ ಅತ್ತೆ. ಕೊತ್ತಂಬರಿ ತರೋಕೆ ಹೋಗಿದ್ದೆ.”

“ಕೊತ್ತಂಬರಿ,” ಎಂದಳು ಲುವಾ, ಕಾಲ ಬುಡದಲ್ಲಿದ್ದ ಹನ್ನೆರಡು ಕಟ್ಟು ಕೊತ್ತಂಬರಿಯನ್ನು ನೋಡುತ್ತ. ನೆಲದಜ್ಜ ನಗುತ್ತಿದ್ದ.

ಆ ಸಂಜೆ ಮೊದಲ ಸೀಸೆಯ ಉದ್ಘಾಟನೆ ವಿಧ್ಯುಕ್ತವಾಗಿ ನಡೆಯಿತು. ಕುದಿಸಿದ ಬಟ್ಟಲು, ಕುದಿಸಿದ ಚಮಚ, ಕುದಿಸದೆ ಉಳಿದದ್ದು ಮಗು ಒಂದೇ. ಯೆನ್ ಬಾಯಿ ಅಗಲಿಸಿ “ಆ…” ಎಂದಳು. ಮಿತ್ ತುಟಿ ಬಿಗಿದಳು. ಚಮಚ ವಿಮಾನವಾಯಿತು, ದೋಣಿಯಾಯಿತು, ಗಂಡ ಓಡಿಸುವ ಟ್ರಾಮ್ ಆಯಿತು. ಯಾವ ವಾಹನಕ್ಕೂ ಆ ನಿಲ್ದಾಣದಲ್ಲಿ ಪ್ರವೇಶವಿರಲಿಲ್ಲ. ಮಿತ್ ಅಮ್ಮನ ಕಣ್ಣನ್ನು ನೋಡಲಿಲ್ಲ, ಅಮ್ಮನ ಬಾಯಿಯನ್ನೇ ನೋಡುತ್ತಿದ್ದಳು. ಏನನ್ನೋ ಕಾಯುವವಳ ಹಾಗೆ, ರೆಪ್ಪೆ ಬಡಿಯದೆ.

“ಹೀಗೆ ನೋಡಿದ್ರೆ ನಂಗೆ ಭಯ ಆಗುತ್ತೆ ಲೋಕ್. ಮಗು ಹೀಗೆ ನೋಡುತ್ತಾ ಯಾವತ್ತಾದ್ರೂ?”

ಲೋಕ್ ದಿನವಿಡೀ ಟ್ರಾಮ್ ಓಡಿಸಿ ಬಂದವನು. ನಿಲ್ದಾಣ ಬಂದಾಗಷ್ಟೇ ಬಾಯಿ ತೆರೆದು ಅಭ್ಯಾಸ. “ನಾಳೆ ತಿಂತಾಳೆ ಬಿಡು.”

“ನಿನ್ನೆಯೂ ಇದನ್ನೇ ಅಂದಿದ್ರಿ.”

“ನಿನ್ನೆಗೆ ನಾಳೆ ಇವತ್ತು ತಾನೆ. ಇವತ್ತಿಗೆ ನಾಳೆ ಬೇರೆ.”

ಯೆನ್‌ಳ ಕಣ್ಣಲ್ಲಿ ನೀರು ಬಂತು. ಆಗ ಪಾತ್ರೆ ತೊಳೆಯುತ್ತಿದ್ದ ಲುವಾ ಬೆನ್ನು ತಿರುಗಿಸದೆಯೇ ಹೇಳಿದಳು: “ಏನಾದ್ರೂ ಕಳೆದುಹೋದ್ರೆ ನೆಲದಜ್ಜನಿಗೆ ಹೇಳಬೇಕು. ಒಂದು ಬಾಳೆಹಣ್ಣು ಕೊಡ್ತೀನಿ ಹುಡುಕಿಕೊಡಪ್ಪ ಅಂದ್ರೆ ಸಾಕು. ನನ್ನ ಕಟ್ಟಿಸಿದ ಹಲ್ಲು ಹುಡುಕಿಕೊಟ್ಟಿದ್ದಾನೆ. ನಿನ್ನ ಗಂಡ ಐದು ವರ್ಷದವನಿದ್ದಾಗ ಸ್ಟೇಷನ್ನಿನಲ್ಲಿ ಕಳೆದುಹೋಗಿದ್ದ, ಅವನನ್ನೂ ಹುಡುಕಿಕೊಟ್ಟ.”

“ಎರಡು ಹಣ್ಣು ಕೊಟ್ಟಿದ್ರೆ ಬುದ್ಧಿನೂ ಹುಡುಕಿಕೊಡ್ತಿದ್ದನೇನೋ,” ಎಂದಳು ಯೆನ್, ಮೂಗು ಒರೆಸಿಕೊಂಡು.

“ಇಲ್ಲದ್ದನ್ನ ಹುಡುಕಿಕೊಡಲ್ಲ ಅವನು. ಕಳೆದದ್ದನ್ನ ಮಾತ್ರ.”

ಗುರುವಾರ ಮಧ್ಯಾಹ್ನವೂ ತುಟಿಯ ಹೊಲಿಗೆ ಬಿಚ್ಚಲಿಲ್ಲ. ಸಂಜೆ ನಾಲ್ಕೂವರೆಗೆ ಲುವಾ, “ಹತ್ತು ನಿಮಿಷ, ಅಂಗಡಿ ನೋಡ್ಕೋ,” ಎಂದು ಹೊರಟುಹೋದಳು. ಹೊರಗೆ ಮೋಡ ಕವಿದು ರಸ್ತೆ ಬೂದಿ ಬಣ್ಣಕ್ಕೆ ತಿರುಗಿತ್ತು. ಗಿರಾಕಿಗಳಿಲ್ಲ. ಮೀನಿನ ಪೆಟ್ಟಿಗೆಯ ಯಂತ್ರ ಗೊರಕೆ ಹೊಡೆಯುತ್ತಿತ್ತು. ಮಿತ್ ಗಾಡಿಯಲ್ಲಿ, ಹೆಗಲಿಂದ ತೊಡೆವರೆಗೆ ಐದು ಬಿಗಿಪಟ್ಟಿಯೊಳಗೆ (ನಿಯಮ ನಾಲ್ಕು), ನೆಲದಜ್ಜನ ಕಡೆ ಮುಖ ಮಾಡಿ ಕೂತಿದ್ದಳು. ಆ ಮೂಲೆಯನ್ನು ನೋಡಿ ಇದ್ದಕ್ಕಿದ್ದಂತೆ ನಕ್ಕಳು. ಯಾರೋ ತಮಾಷೆ ಹೇಳಿ ಮುಗಿಸಿದ ಮೇಲೆ ನಗುವ ಹಾಗೆ.

ಯೆನ್ ಅತ್ತಿತ್ತ ನೋಡಿದಳು. ಓದಿದವಳು ತಾನು, ವಿಜ್ಞಾನದವಳು. ಆದರೆ ನಾಳೆ ಹನ್ನೊಂದು ಗಂಟೆ ಅನ್ನುವುದಿತ್ತಲ್ಲ. ನಳಿಗೆ ಇತ್ತಲ್ಲ. ಚೀಲದಿಂದ ಕೆಂಪು ತುದಿಯ ಬಾಳೆಹಣ್ಣೊಂದನ್ನು ತೆಗೆದು, ಅತ್ತೆಯ ಅಂಗಡಿಯ ಕಪ್ಪುಚುಕ್ಕೆಯ ಹಣ್ಣನ್ನು ಸರಿಸಿ, ತಟ್ಟೆಯಲ್ಲಿಟ್ಟಳು. ಇಂಥ ಶುದ್ಧವಾದ ಹಣ್ಣನ್ನು ಈ ಅಜ್ಜ ಹುಟ್ಟಿದಾಗಿನಿಂದ ತಿಂದಿರಲಾರ ಎಂದು ಅವಳಿಗೆ ಸಣ್ಣ ಹೆಮ್ಮೆಯೂ ಆಯಿತು.

“ನೋಡಿ ಅಜ್ಜ,” ಎಂದು ಪಿಸುಗುಟ್ಟಿದಳು, “ನನ್ನ ಮಗಳ ಹಸಿವು ಕಳೆದುಹೋಗಿದೆ. ನಾಳೆ ಹನ್ನೊಂದರೊಳಗೆ ಹುಡುಕಿಕೊಡಿ. ಸಾವಯವ ಹಣ್ಣು. ರಸೀದಿ ಬೇಕಾದ್ರೂ ತೋರಿಸ್ತೀನಿ.” ಕೊನೆಯಲ್ಲಿ ಅಭ್ಯಾಸಬಲದಿಂದ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡುಬಿಟ್ಟು ನಾಲಿಗೆ ಕಚ್ಚಿಕೊಂಡಳು.

ಕೊಳವೆದೀಪ ಎರಡು ಸಲ ಮಿಣುಕಿತು. ರಸ್ತೆಯಾಚೆ ಗಾಜಿನ ಬಾಗಿಲು ತೆರೆಯಿತು, ಯಾರೂ ಬರಲಿಲ್ಲ, ಮುಚ್ಚಿತು. ಅದನ್ನು ನೋಡಿ ಯೆನ್ ತಿರುಗುತ್ತಾಳೆ, ತಟ್ಟೆಯಲ್ಲಿ ಹಣ್ಣಿಲ್ಲ.

ಹಣ್ಣು ಎರಡು ಮಾರು ದೂರದಲ್ಲಿ, ಅಕ್ಕಿಮೂಟೆಯ ಪಕ್ಕ ಬಿದ್ದಿತ್ತು. ಕೆಂಪು ತುದಿ ಅವಳನ್ನೇ ತೋರಿಸುತ್ತಿತ್ತು.

ಮಗುವಿನ ಕೈಗೆ ತಟ್ಟೆ ಎಟುಕುವುದಿಲ್ಲ. ಐದೂ ಪಟ್ಟಿ ಬಿಗಿಯಾಗಿಯೇ ಇವೆ. “ಉರುಳಿರಬೇಕು,” ಎಂದಳು ಯೆನ್ ಜೋರಾಗಿ, ಕೇಳಲು ಯಾರೂ ಇಲ್ಲದಿದ್ದರೂ. ಹಣ್ಣನ್ನು ಒರೆಸಿ ಮತ್ತೆ ಇಟ್ಟಳು. ಮೀನಿನ ಪೆಟ್ಟಿಗೆಯ ಗೊರಕೆ ಥಟ್ಟನೆ ನಿಂತಿತು. ಅದೇನೆಂದು ಅತ್ತ ನೋಡಿ ಇತ್ತ ನೋಡುವುದರೊಳಗೆ ಹಣ್ಣು ಈ ಸಲ ಹೊಸ್ತಿಲ ಹತ್ತಿರ. ತುದಿ ಎದುರಿನ ಅಂಗಡಿಯ ಕಡೆಗೆ.

ಮಿತ್ ಕೇಕೆ ಹಾಕಿ ನಕ್ಕಳು. ನೆಲದಜ್ಜನೂ ನಗುತ್ತಿದ್ದ. ನಗುವಿನ ಹಿಂದೆ ಅವನ ತುಟಿಗಳು… ಬಿಗಿದುಕೊಂಡಿವೆಯೇ? ಥೇಟು ಮಿತ್‌ಳ ಹಾಗೆ?

“ಕಚ್ಚಿದೆಯಾ?”

ಯೆನ್ ಚೀರಿದಳು. ಬಾಗಿಲಲ್ಲಿ ನೇರಳೆ ಜಾಕೀಟು ನಿಂತಿತ್ತು. ಪುಣ್ಯಕ್ಕೆ ತಲೆಯಿತ್ತು. ಲುವಾ ಬಗ್ಗಿ ಹೊಸ್ತಿಲ ಬಳಿಯ ಹಣ್ಣನ್ನು ಎತ್ತಿ ತಿರುಗಿಸಿ ನೋಡುತ್ತಿದ್ದಳು.

“ಅಜ್ಜನಿಗೆ ಇಡೋ ಮುಂಚೆ ನೀನು ಕಚ್ಚಿದೆಯಾ ಅಂತ ಕೇಳ್ತಿದ್ದೀನಿ.”

“ಯಾಕೆ ಕಚ್ಚಲಿ ಅತ್ತೆ? ದೇವರಿಗೆ ಎಂಜಲು ಮಾಡಿ ಕೊಡ್ತಾರಾ ಯಾರಾದ್ರೂ?”

“ಇವನಿಗೆ ಎಂಜಲೇ ಆಗಬೇಕು! ಅಯ್ಯೋ ನನ್ನ ಮಾರಾಯ್ತಿ, ನಾಲ್ಕು ವರ್ಷ ಆಯ್ತು ಈ ಮನೆಗೆ ಬಂದು, ಅಷ್ಟೂ ಗೊತ್ತಿಲ್ವಾ?” ಲುವಾ ಅಕ್ಕಿಮೂಟೆಯ ಮೇಲೆ ಕೂತಳು. “ಇವನು ಹೊಟ್ಟೆಬಾಕ. ಹಿಂದಿನ ಕಾಲದಲ್ಲಿ ಯಾರೋ ನಗುನಗುತ್ತಾ ವಿಷದ ಊಟ ಬಡಿಸಿಬಿಟ್ರು. ಇವನೂ ನಗುನಗುತ್ತಾ ತಿಂದ. ಪಟ್ಟ ಪಾಡು ಇವನಿಗೇ ಗೊತ್ತು. ಆವತ್ತಿಂದ, ಕೊಟ್ಟವರು ಕಣ್ಣೆದುರಿಗೆ ಮೊದಲು ಒಂದು ತುತ್ತು ತಿನ್ನದೆ ಇದ್ರೆ ಇವನು ಮುಟ್ಟಲ್ಲ. ಹೊಟ್ಟೆಬಾಕ ಇರಬಹುದು, ದಡ್ಡ ಅಲ್ಲ. ದಿನಾ ಬೆಳಗ್ಗೆ ನಾನು ಕಚ್ಚಿ ಇಡೋದು, ಕಾಫಿ ಒಂದು ಗುಟುಕು ಕುಡಿದು ಇಡೋದು ಯಾತಕ್ಕೆ ಅಂದ್ಕೊಂಡಿದ್ದೆ?”

“ಅಜ್ಜ ಕಚ್ಚೋದು ಅಂತ ಲೋಕ್…”

“ಲೋಕ್! ಅವನ ಮಾತು ನಂಬಿದ್ಯಾ? ಅವನು ಟ್ರಾಮ್ ಮೇಲೆ ಬರೆದ ಊರಿಗೂ ಸರಿಯಾಗಿ ಹೋಗಲ್ಲ.”

ಹಾಗೆಂದವಳು ಮಾತು ನಿಲ್ಲಿಸಿ ಮಿತ್‌ಳನ್ನು ನೋಡಿದಳು. ಬೆಳಗ್ಗೆ ಬೆಳಗ್ಗೆ ಗಾಡಿಯಲ್ಲಿ ಕೂತು ಈ ಪೂಜೆಯನ್ನೇ ನೋಡಿಕೊಂಡು ಬೆಳೆದ ಮೊಮ್ಮಗಳು. ಆಮೇಲೆ ಸೊಸೆಯನ್ನು ನೋಡಿದಳು.

“ಆ ಸೀಸೆ ಒಂದು ತೆಗಿ,” ಎಂದಳು.

“ಯಾವ ಸೀಸೆ?”

“ಕೊತ್ತಂಬರಿ ಕೆಳಗಿರೋ ಸೀಸೆ ಕಣೇ. ನಿನ್ನೆ ಏಳು ತಗೊಂಡ್ಯಲ್ಲ, ನಾನು ಚೀಸ್ ಕಟ್ಟೆ ಹತ್ರಾನೇ ಇದ್ದೆ. ದಿನಾ ನಾಲ್ಕೂವರೆಗೆ ಅಲ್ಲಿ ಪುಕ್ಕಟೆ ರುಚಿ ತೋರಿಸ್ತಾರೆ, ಹಲ್ಲುಕಡ್ಡಿಗೆ ಚುಚ್ಚಿ. ನಿನ್ನ ಕಂಡು ತಲೆ ಜಾಕೀಟಿನೊಳಗೆ ಎಳ್ಕೊಂಡು ಜಾರಿಕೊಂಡೆ. ಆ ಆಸ್ಪತ್ರೆಯಲ್ಲಿ ನಂಗೆ ಹಿಡಿಸಿದ್ದು ಅದೊಂದೇ ಪದ್ಧತಿ.”

ತಲೆಯಿಲ್ಲದ ಜಾಕೀಟಿನ ಲೆಕ್ಕ ಸರಿಹೋಯಿತು. ಯೆನ್‌ಳ ಮಾನದ ಲೆಕ್ಕ ಮಾತ್ರ ಉಳಿಯಲಿಲ್ಲ. ಅವಳು ಕತ್ತು ಬಗ್ಗಿಸಿ ಎರಡನೆಯ ಸೀಸೆಯ ಮುಚ್ಚಳ ತಿರುವಿದಳು.

“ಈಗ ನೀನು ತಿನ್ನು. ಮಗು ಎದುರಿಗೆ.”

“ಹನ್ನೊಂದನೇ ನಿಯಮ…”

“ಆಯ್ತು, ನಿನಗೊಂದು ಚಮಚ, ಅದಕ್ಕೊಂದು ಚಮಚ. ಕ್ರಿಮಿಗಳೂ ಬೇರೆ ಬೇರೆ ಕೂತು ಉಣ್ಣಲಿ. ಒಂದು ಮಾತು ಹೇಳ್ತೀನಿ ಕೇಳು: ತಾನು ಬಾಯಿಗಿಡದ್ದನ್ನ ಇನ್ನೊಬ್ಬರ ಬಾಯಿಗೆ ಹಿಡಿದ್ರೆ ಅಜ್ಜನೂ ತಿನ್ನಲ್ಲ, ಮೊಮ್ಮಗಳೂ ತಿನ್ನಲ್ಲ.”

ಯಾವ ನೀರನ್ನೂ ಪರೀಕ್ಷಿಸದೆ ಬಿಡದ ಯೆನ್, ಮಗಳಿಗೆಂದು ತಂದ ಅಷ್ಟೂ ಸೀಸೆಗಳ ಚೀಟಿಯ ಹಿಂದುಮುಂದು ಬಾಯಿಪಾಠ ಮಾಡಿದ್ದಳೇ ಹೊರತು ಒಂದನ್ನೂ ನಾಲಿಗೆಗೆ ತಾಗಿಸಿರಲಿಲ್ಲ. ಈಗ ತಾಗಿಸಿದಳು.

ಒದ್ದೆ ಗೋಣಿಚೀಲದಲ್ಲಿ ಮೀನು ಸುತ್ತಿ, ಮಳೆಗಾಲವಿಡೀ ಮರೆತು, ಕೊನೆಗೆ ಸಕ್ಕರೆಗೆ ಬದಲು ಪಶ್ಚಾತ್ತಾಪ ಬೆರೆಸಿದರೆ ಬರಬಹುದಾದ ರುಚಿ. ಅವಳ ಮುಖ ಯಾವ ಯಾವ ಆಕಾರ ತಾಳಿತೋ ಅವಳಿಗೆ ತಿಳಿಯದು. ಮಿತ್ ಮಾತ್ರ ಗಮನವಿಟ್ಟು ನೋಡಿ, ತೀರ್ಮಾನಕ್ಕೆ ಬಂದು, ತುಟಿಗೆ ಇನ್ನೆರಡು ಹೊಲಿಗೆ ಹೆಚ್ಚಾಗಿ ಹಾಕಿಕೊಂಡಳು.

“ನೋಡಿದ್ಯಾ, ಜಾಣೆ,” ಎಂದಳು ಲುವಾ. ಮೇಲಿನ ಮನೆಗೆ ಹೋಗಿ ಒಲೆಯ ಮೇಲಿದ್ದ ಅಕ್ಕಿಗಂಜಿ ತಂದಳು. ಕುಂಬಳಕಾಯಿ ಹಾಕಿ ಕುದಿಸಿದ್ದು, ಉಪ್ಪಿಲ್ಲದ್ದು (ಹೌದು, ಶಾಸನವನ್ನು ಅತ್ತೆ ಅಕ್ಷರಶಃ ಪಾಲಿಸಿದ್ದಳು, ಅದಕ್ಕೇ ಇಷ್ಟು ದಿನ ಕೈಕಟ್ಟಿ ಕೂತಿದ್ದಳು). ಒಂದು ಚಮಚ ಸೊಸೆಯ ಬಾಯಿಗೆ. ಯೆನ್ ನುಂಗಿದಳು, ಮುಖ ಸಡಿಲವಾಯಿತು, ತನಗೇ ತಿಳಿಯದೆ “ಹ್ಮ್” ಎಂದಳು. ಇನ್ನೊಂದು ಚಮಚವನ್ನು ಮಗಳ ಮುಂದೆ ಹಿಡಿದಳು.

ಮಿತ್ ಅಮ್ಮನ ಬಾಯಿಯನ್ನು ನೋಡಿದಳು. ಗಂಟಲನ್ನು ನೋಡಿದಳು. ನೆಲದಜ್ಜನನ್ನೂ ಒಮ್ಮೆ ನೋಡಿದಳು. ಆಮೇಲೆ ಬಾಯಿ ತೆರೆದಳು.

ಎರಡು ಬಟ್ಟಲು. ಯೆನ್ ಅಳುತ್ತಳುತ್ತಲೇ ತನಗೊಂದು ಮಗಳಿಗೊಂದು ಉಣಿಸಿದಳು. ಮೀನಿನ ಪೆಟ್ಟಿಗೆ ಯಾವಾಗಲೋ ಮತ್ತೆ ಗೊರಕೆ ಶುರುಮಾಡಿತ್ತು.

ಶುಕ್ರವಾರ ಬೆಳಗ್ಗೆ ಹತ್ತೂವರೆಗೆ ಇನ್ನೊಂದು ಬಟ್ಟಲು. ಹನ್ನೊಂದಕ್ಕೆ ತಕ್ಕಡಿ. ಗ್ಲೆನಿಸ್ ಕನ್ನಡಕ ಏರಿಸಿ, ಇಳಿಸಿ, ಮತ್ತೆ ಓದಿದಳು. “ನೂರ ಎಂಬತ್ತು ಗ್ರಾಂ ಏರಿದ್ದಾಳೆ ಕಣಮ್ಮ! ಅದರಲ್ಲಿ ಅರ್ಧ ಇನ್ನೂ ಹೊಟ್ಟೆಯಲ್ಲೇ ಇರಬೇಕು. ಇರಲಿ ಬಿಡು, ಹೊಟ್ಟೆಯೂ ಅವಳದೇ. ಆಸ್ಪತ್ರೆ ಬೇಡ. ಎರಡು ವಾರ ಬಿಟ್ಟು ಬನ್ನಿ.” ಆಮೇಲೆ ಯೆನ್‌ಳನ್ನು ಅಡಿಯಿಂದ ಮುಡಿವರೆಗೆ ನೋಡಿದಳು. “ನೀನು ಊಟ ಮಾಡಿ ಎಷ್ಟು ದಿನ ಆಯ್ತು?”

ಯೆನ್‌ಗೆ ನೆನಪಾಗಲಿಲ್ಲ. ಮಗಳ ಜೊತೆ ನುಂಗಿದ ಗಂಜಿ ಬಿಟ್ಟರೆ, ನಿಂತುಕೊಂಡು ಬಿಸ್ಕತ್ತು ತಿಂದದ್ದು ಊಟವೆನ್ನುವುದಾದರೆ ಮೊನ್ನೆ.

ಹರಕೆ ತೀರಿಸಬೇಕಲ್ಲ. ಕಚ್ಚಿ ಇಟ್ಟ ಬಾಳೆಹಣ್ಣು ಈ ಸಲ ತಟ್ಟೆ ಬಿಟ್ಟು ಕದಲಲಿಲ್ಲ. ಆದರೆ ಯೆನ್‌ಳ ಲೆಕ್ಕಾಚಾರದ ಬುದ್ಧಿ ಸುಮ್ಮನಿರಬೇಕೆ? ಅಷ್ಟು ಬೆಲೆಯ ಸೀಸೆಗಳು ಇನ್ನೂ ಐದು ಉಳಿದಿದ್ದವು. ಎಸೆಯಲು ಮನಸ್ಸಿಲ್ಲ, ತಿನ್ನಲು ಧೈರ್ಯವಿಲ್ಲ. ಸಂಜೆ ಒಂದು ಸೀಸೆ ತೆರೆದು, ಮೂಗು ಹಿಡಿದು ಒಂದೇ ಒಂದು ಚಮಚ ನುಂಗಿ, ಉಳಿದದ್ದನ್ನು ಮರದ ಚಮಚದ ಸಮೇತ ನೆಲದಜ್ಜನ ಮುಂದಿಟ್ಟಳು. “ರುಚಿ ನೋಡಿದ್ದೀನಿ ಅಜ್ಜ. ಇನ್ನು ನಿಮ್ಮದು,” ಎಂದಳು. ಪದ್ಧತಿಗೆ ಪದ್ಧತಿಯೂ ಆಯಿತು, ಪೀಡೆಯೂ ಕಳೆಯಿತು. ಉಳಿದ ನಾಲ್ಕನ್ನು ಮೇಲಿನ ಅಡಿಗೆಮನೆಯಲ್ಲಿ, ಅಕ್ಕಿ ಡಬ್ಬಿಯ ಹಿಂದೆ, ಯಾರಿಗೂ ಕಾಣದಂತೆ ಬಚ್ಚಿಟ್ಟಳು. ದಿನಕ್ಕೊಂದರಂತೆ ಅಜ್ಜನಿಗೆ ದಾಟಿಸುವ ಉಪಾಯ. ಲುವಾ ಅಂಗಡಿಗೆ ಬೀಗ ಹಾಕಿ ಕೀಲಿಯನ್ನು ಎಂದಿನಂತೆ ದಿಂಬಿನ ಕೆಳಗಿಟ್ಟಳು.

ಶನಿವಾರ ಬೆಳಗ್ಗೆ ಯೆನ್ ಮಿತ್‌ಳನ್ನು ಎತ್ತಿಕೊಂಡು ಅಡಿಗೆಮನೆಗೆ ಬಂದು, ಎತ್ತರದ ಕುರ್ಚಿಯಲ್ಲಿ ಕೂರಿಸಿ, ತಿರುಗಿದಳು.

ಮೇಜಿನ ಮೇಲೆ, ಅವಳು ಕೂರುವ ಜಾಗದಲ್ಲಿ, ಸೀಸೆ. ಮುಚ್ಚಳ ತೆಗೆದು ಪಕ್ಕಕ್ಕಿಟ್ಟಿದೆ. ಬಲಗಡೆ ಮರದ ಚಮಚ, ಹಿಡಿ ಅವಳ ಕಡೆಗೆ. ಅದರ ಹಿಂದೆ, ಅಕ್ಕಿ ಡಬ್ಬಿಯ ಮರೆಯಲ್ಲಿರಬೇಕಾದ ನಾಲ್ಕು ಸೀಸೆಗಳು ಶಾಲೆಯ ಫೋಟೋಕ್ಕೆ ನಿಂತಂತೆ ಸಾಲಾಗಿ ನಿಂತಿವೆ.

ಅವಳು ಬಗ್ಗಿ ನೋಡಿದಳು. ಸೀಸೆಯೊಳಗೆ ನಿನ್ನೆ ತಾನು ತೋಡಿದ ಗುಳಿಯಿತ್ತು, ಚಮಚದಗಲ. ಅದರ ಪಕ್ಕದಲ್ಲಿ ಇನ್ನೊಂದು ಗುಳಿ. ಹೆಬ್ಬೆರಳಿನ ಉಗುರಿಗಿಂತ ದೊಡ್ಡದಲ್ಲ.

“ಅತ್ತೆ! ಇದನ್ನ ನೀವು ಮೇಲೆ ತಂದ್ರಾ?”

ಲುವಾ ನಿದ್ದೆಗಣ್ಣಲ್ಲಿ ಬಂದಳು. ಬೊಚ್ಚುಬಾಯಿ, ಹಲ್ಲು ಇನ್ನೂ ಲೋಟದಲ್ಲಿತ್ತು. “ನಾನಲ್ಲ ಕಣೇ. ಕೀಲಿ ಇಲ್ಲೇ ಇದೆ ನೋಡು.”

“ಲೋಕ್?”

“ಅವನು ಮೊದಲನೇ ಟ್ರಾಮಿಗೆ ಹೋದ. ಅವನಿಗೆ ತನ್ನ ಕಾಲುಚೀಲ ಹುಡುಕಿಕೊಳ್ಳೋಕೆ ಬರಲ್ಲ, ನಿನ್ನ ಸೀಸೆ ಹುಡುಕ್ತಾನಾ?” ಲುವಾ ಸೀಸೆಯೊಳಗೆ ಇಣುಕಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಸೀಸೆಗೆ ಕೈ ಮುಗಿದಳು.

“ಏನತ್ತೆ?”

“ಅಜ್ಜ ಹುಡುಕಿದ್ದು ಎರಡು ಹಸಿವು ಅಂತ ಕಾಣುತ್ತೆ. ಒಂದು ಅದರದ್ದು, ಒಂದು ನಿಂದು. ಕೂತ್ಕೋ.”

“ಇದನ್ನಾ? ನಾನು ತಿನ್ನಲ್ಲ!”

“ತಿನ್ನಲ್ಲ ಅನ್ನೋ ಹಾಗಿಲ್ಲ ಹುಡುಗಿ. ವಿಷ ಇಲ್ಲ ಅಂತ ಅವನೇ ಮೊದಲು ರುಚಿ ನೋಡಿ ಕಳಿಸಿದ್ದಾನೆ. ಇನ್ನೂ ನಾಲ್ಕು ಇವೆ, ನಿಧಾನವಾಗಿ ತಿನ್ನು.”

ಯೆನ್ ಕೂತಳು. ಚಮಚ ತುಂಬಿ ತುಟಿಯವರೆಗೆ ತಂದಳು, ತುಟಿ ಬಿಗಿಯಿತು. ಎದುರಿನ ಎತ್ತರದ ಕುರ್ಚಿಯಲ್ಲಿ ಮಿತ್ ಮುಂದಕ್ಕೆ ಬಾಗಿ, ಕಣ್ಣರಳಿಸಿ, ತನ್ನ ಎರಡು ಹಲ್ಲು ತೋರಿಸುತ್ತ ಬಾಯಿ ಅಗಲಿಸಿದಳು.

“ಆ…” ಎಂದಳು ಮಗಳು.

ಎದುರಿನ ಗಾಜಿನ ಬಾಗಿಲಿನ ಹಾಗೆ, ಯಾರೂ ಮುಟ್ಟದೆ, ಯೆನ್‌ಳ ಬಾಯಿ ತಾನಾಗಿ ತೆರೆದುಕೊಂಡಿತು. ಒದ್ದೆ ಗೋಣಿಚೀಲ ಗಂಟಲಿಗಿಳಿಯಿತು. ಮಿತ್ ಕೈತಟ್ಟಿ ನಕ್ಕಳು. ಅವಳು ನೋಡುತ್ತಿದ್ದದ್ದು ಅಮ್ಮನ ಮುಖವನ್ನಲ್ಲ. ಅಮ್ಮನ ಕುರ್ಚಿಯ ಪಕ್ಕ, ಸ್ವಲ್ಪ ಕೆಳಗೆ, ನೆಲದಿಂದ ಒಂದು ಗೇಣು ಮೇಲೆ.